ತಂಡದ ಜೊತೆ ಹೋಗಲು ಒಬ್ಬ ಟೀಚರ್

ಹೋದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಹಾಸನದವಳು. ಇಲ್ಲಿ ಐರ್ಲೆಂಡಿನಲ್ಲೇ ಓದಿ, ಇಲ್ಲಿಯ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಲು ಹೊರಟಿದ್ದಾಳೆ. "ಮೇಡಂ, ಇಪ್ಪತ್ತೆರಡು ವರ್ಷ ಮಾಡಿದೀರಂತೆ. ಕೆಲಸ ಹೇಗಿರುತ್ತೆ, ಸ್ವಲ್ಪ ಹೇಳಿ" ಎಂದು ಕೇಳಿದಳು. "ಚೆನ್ನಾಗಿರುತ್ತಮ್ಮ, ಮಳೆಗೆ ಒಂದು ಒಳ್ಳೇ ಜಾಕೆಟ್ ತಗೋ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಎರಡು ದಿನ ನನಗೇ ನಾಚಿಕೆ. ಕೇಳಿದ್ದು ಒಂದು, ನಾನು ಹೇಳಿದ್ದು ಜಾಕೆಟ್ ವಿಷಯ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಈ ಕೆಲಸಕ್ಕೆ ಬರುವುದೇ ಬೇಡ ಎನ್ನಿಸಿದರೆ ನನ್ನ ಮೇಲೆ ಸಿಟ್ಟಾಗಬೇಡಿ.

ನಾನು ತುಮಕೂರಿನ ಕಡೆಯವಳು. ವಿಶ್ವವಿದ್ಯಾಲಯದ ತಂಡಕ್ಕೆ ಖೋ ಖೋ ಆಡಿದವಳು. ಅಲ್ಲಿ ಸರ್ಕಾರಿ ಹೈಸ್ಕೂಲೊಂದರಲ್ಲಿ ಹನ್ನೆರಡು ವರ್ಷ ಪೀಟಿ ಮೇಡಂ ಆಗಿದ್ದೆ. ಪೀಟಿ ಮೇಡಂ ಎಂದರೆ ಏನೆಂದು ಅಲ್ಲಿ ಓದಿದವರಿಗೆಲ್ಲ ಗೊತ್ತು. ಪ್ರಾರ್ಥನೆಗೆ ಸಾಲು ನಿಲ್ಲಿಸುವವಳು, ಆಗಸ್ಟ್ ಹದಿನೈದಕ್ಕೆ ಸುಣ್ಣದ ಗೆರೆ ಎಳೆಸುವವಳು, ಮಿಕ್ಕ ದಿನ ಗಣಿತದ ಮೇಷ್ಟ್ರಿಗೆ ತನ್ನ ಪೀರಿಯಡ್ ಬಿಟ್ಟುಕೊಡುವವಳು. ನನ್ನ ಗಂಡ ಡಾಕ್ಟರು. ಅವರಿಗೆ ಮೊದಲು ಸ್ಲೈಗೋದಲ್ಲಿ ಕೆಲಸ ಸಿಕ್ಕಿತು, ಆಮೇಲೆ ಡಬ್ಲಿನ್ನಿನ ಪಶ್ಚಿಮ ಭಾಗಕ್ಕೆ ಬಂದೆವು. ನನ್ನ ಸರ್ಟಿಫಿಕೇಟುಗಳನ್ನು ಇಲ್ಲಿಯವರು ಒಪ್ಪಲು ಎರಡು ವರ್ಷ ಹಿಡಿಯಿತು. ಕೊನೆಗೆ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಸೆಕೆಂಡರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯ ಹೆಸರು ಬೇಡ. ನಾನು ಹೇಳುವುದು ಬಹಳ ಶಾಲೆಗಳಿಗೆ ಹೊಂದುತ್ತದೆ.

ಈ ದೇಶದಲ್ಲಿ ಪೀರಿಯಡನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ನಂಬಿ ಒಳಗೆ ಕಾಲಿಟ್ಟೆ. ಮೊದಲ ಫೆಬ್ರವರಿಗೇ ಆ ನಂಬಿಕೆ ಹೋಯಿತು. ಫೆಬ್ರವರಿಯಲ್ಲಿ ದೊಡ್ಡ ಪರೀಕ್ಷೆಯ ತಾಲೀಮಿನಂಥ ಪರೀಕ್ಷೆಗಳು ಇರುತ್ತವೆ. ಎಲ್ಲರೂ ಕೂರುವಷ್ಟು ದೊಡ್ಡ ಜಾಗ ಶಾಲೆಯಲ್ಲಿ ಒಂದೇ, ನಮ್ಮ ಪಿಇ ಹಾಲ್, ಅಂದರೆ ದೈಹಿಕ ಶಿಕ್ಷಣದ ಹಾಲ್. ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಸಾಲು ಸಾಲು ಡೆಸ್ಕುಗಳು. ಎರಡು ವಾರ ಹೊರಗೆ ಮಳೆಯಲ್ಲಿ ಮಕ್ಕಳನ್ನು ನಡೆಸಿದೆ. ಮೇ ಕೊನೆಗೆ ಮತ್ತೆ ಡೆಸ್ಕುಗಳು ಬಂದವು. ತುಮಕೂರಿನಲ್ಲಿ ಗಣಿತದ ಮೇಷ್ಟ್ರು ಪೀರಿಯಡ್ ಕೇಳುವ ಮುಂಚೆ ಒಂದು ಮುಗುಳ್ನಗೆಯಾದರೂ ಕೊಡುತ್ತಿದ್ದರು.

ಈ ಶಾಲೆಯಲ್ಲಿ ನನ್ನ ಮೊದಲ ಹೆಡ್‌ಮಾಸ್ಟರ್ ಮಿಸ್ಟರ್ ಕೀನನ್. ಎತ್ತರದ ಮನುಷ್ಯ, ಮೆತ್ತಗಿನ ಮಾತು. ಇಲ್ಲಿ ಹೆಡ್‌ಮಾಸ್ಟರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಂದ ಮಾತ್ರ "ಸರ್" ಬಿಟ್ಟು ಬೇರೇನೂ ಹೊರಡಲಿಲ್ಲ. "ನನ್ನ ಹೆಸರು ಜಾನ್, ಸುಮಿತ್ರಾ" ಎಂದು ಅವರು ಎಷ್ಟೋ ಸಲ ಹೇಳಿದರು. "ಸರಿ ಸರ್" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಈ ಸಣ್ಣ ವಿಷಯವನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಹೆಸರು ಹಿಡಿದು ಕರೆಯಲಾಗದವಳು ಅವರ ಎದುರು ಕುಳಿತು ಇದು ಬೇಕು, ಅದು ಬೇಕು ಎಂದು ಕೇಳುವುದಾದರೂ ಹೇಗೆ? ನಮ್ಮವರಲ್ಲಿ ಬಹಳ ಜನರ ಪಾಡು ಇದೇ. ಇಟ್ಟುಕೊಂಡಿದ್ದಾರಲ್ಲ, ಸಾಕು ಎಂಬ ಭಾವನೆ.

ಮೊದಲ ಸೆಪ್ಟೆಂಬರಿನಲ್ಲಿ ಒಂದು ಎಡವಟ್ಟು ಮಾಡಿದೆ. ಬಂದ ಹೊಸದು, ನನಗೆ ಚೆನ್ನಾಗಿ ಬರುವುದನ್ನೇ ಕಲಿಸೋಣ ಎಂದು ಎರಡನೇ ವರ್ಷದ, ಅಂದರೆ ಹದಿಮೂರು ಹದಿನಾಲ್ಕು ವಯಸ್ಸಿನ, ಹುಡುಗಿಯರಿಗೆ ಖೋ ಖೋ ಹೇಳಿಕೊಟ್ಟೆ. ಎಂಟು ಜನರನ್ನು ಸಾಲಾಗಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂರಿಸಿದೆ. ಹಿಂದಿನ ದಿನ ಮಳೆ ಬಂದು ಹುಲ್ಲೆಲ್ಲ ಕೆಸರು. ಒಬ್ಬಳು ಬೆನ್ನು ತಟ್ಟಿ "ಖೋ" ಎಂದಳು, ಕೂತಿದ್ದವಳು ಮುಖ ಅಡಿಯಾಗಿ ಕೆಸರಿಗೆ ಬಿದ್ದಳು. ಹುಡುಗಿಯರಿಗೆ ನಗು ತಡೆಯಲಾಗಲಿಲ್ಲ, ಬಿದ್ದವಳೂ ನಕ್ಕಳು. ಸಂಜೆ ಮಿಸ್ಟರ್ ಕೀನನ್ ಕರೆಸಿದರು. ಒಬ್ಬ ತಂದೆ ಫೋನ್ ಮಾಡಿ, ಹೊಸ ಟೀಚರ್ ಮಕ್ಕಳನ್ನು ಕೆಸರಿನಲ್ಲಿ ಮೊಣಕಾಲೂರಿಸಿ ಶಿಕ್ಷೆ ಕೊಟ್ಟಿದ್ದಾಳೆ ಎಂದು ದೂರಿದ್ದರಂತೆ. ಅದು ಆಟ ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಚೆನ್ನಾಗಿರುವ ಹಾಗಿದೆ. ಒಣಗಿದ ದೇಶಕ್ಕೆ" ಎಂದರು.

ಮರುವಾರ ಮೂವರು ಹುಡುಗಿಯರು ಸ್ಟಾಫ್‌ರೂಮಿನ ಬಾಗಿಲಿಗೆ ಬಂದರು. "ಮಿಸ್, ಹುಡುಗರಿಗೆ ಗೇಲಿಕ್ ಫುಟ್‌ಬಾಲ್ ತಂಡ ಇದೆ. ನಮಗಿಲ್ಲ. ನೀವು ತಗೋತೀರಾ?" ತಗೋತೀರಾ ಎಂದರೇನು ಎಂದು ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಭೂಗೋಳದ ಟೀಚರ್ ಬಿಡಿಸಿ ಹೇಳಿದಳು. ಇಲ್ಲಿ ಶಾಲೆಯ ತಂಡ ಎನ್ನುವುದು ಶಾಲೆಯದ್ದಲ್ಲ. ಯಾರಾದರೂ ಒಬ್ಬ ಟೀಚರ್ ಅದನ್ನು ತೆಗೆದುಕೊಂಡರೆ ತಂಡ ಇರುತ್ತದೆ, ಇಲ್ಲದಿದ್ದರೆ ಇರುವುದಿಲ್ಲ. ಶಾಲೆ ಬಿಟ್ಟ ಮೇಲೆ ಅಭ್ಯಾಸ, ಊಟದ ಬಿಡುವಿನಲ್ಲಿ ಅಭ್ಯಾಸ, ಪಂದ್ಯದ ದಿನ ಜೊತೆಗೆ ಹೋಗುವುದು. ಅದಕ್ಕೆ ಸಂಬಳ ಇಲ್ಲ, ಗಂಟೆ ಇಲ್ಲ, ಯಾವ ಕಾಗದದಲ್ಲೂ ಹೆಸರಿಲ್ಲ. ಪಿಇ ಟೀಚರೇ ಆಗಬೇಕೆಂದೂ ಇಲ್ಲ. ಹುಡುಗರ ತಂಡ ಮರಗೆಲಸ ಕಲಿಸುವವನ ಹತ್ತಿರ ಇತ್ತು. ಅಪ್ಪ ಆಡಿಸುತ್ತಿದ್ದರಂತೆ, ಅದಕ್ಕೆ ಇವನೂ ಆಡಿಸುತ್ತಿದ್ದ. ದೇಶದ ತುಂಬ ಮಕ್ಕಳ ಆಟ ಹೀಗೆ ಟೀಚರುಗಳ ಒಳ್ಳೆಯತನದ ಮೇಲೆ ನಡೆಯುತ್ತದೆ. ಕೇಳಿ ನನಗೆ ಬಹಳ ಸಂತೋಷವಾಯಿತು. ಎಂಥ ಒಳ್ಳೆಯ ಜನ ಎಂದುಕೊಂಡೆ. ಆಗಲೇ ಅನುಮಾನ ಬರಬೇಕಿತ್ತು.

ನಾನು ತೆಗೆದುಕೊಂಡೆ. ಗೇಲಿಕ್ ಫುಟ್‌ಬಾಲ್ ನನಗೆ ಏನೇನೂ ಗೊತ್ತಿರಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವ ಹಾಗಿಲ್ಲ. ಆ ಮೂವರೇ ನನಗೆ ನಿಯಮ ಕಲಿಸಿದರು, ನಾನು ಅವರಿಗೆ ಓಡುವುದನ್ನು ಕಲಿಸಿದೆ. ಖೋ ಖೋ ಆಡಿದವರಿಗೆ ಸಟ್ಟನೆ ತಿರುಗುವುದು ಗೊತ್ತಿರುತ್ತದೆ. ಎದುರಿಗಿದ್ದವಳು ಬಲಕ್ಕೆ ವಾಲುವಷ್ಟರಲ್ಲಿ ಎಡಕ್ಕೆ ಹಾರಿರಬೇಕು. ಅದನ್ನೇ ಹೇಳಿಕೊಟ್ಟೆ. ಎರಡನೇ ವರ್ಷ ನಮ್ಮ ಹುಡುಗಿಯರು ಜಿಲ್ಲೆಯ ಸೆಮಿಫೈನಲ್ ತಲುಪಿದಾಗ ಎದುರಾಳಿ ಶಾಲೆಯ ಒಬ್ಬ ಟೀಚರ್ ಬಂದು, "ಇವರು ಹೀಗೆ ತಿರುಗುವುದನ್ನು ಎಲ್ಲಿ ಕಲಿತರು?" ಎಂದು ಕೇಳಿದ. "ತುಮಕೂರಿನಲ್ಲಿ" ಎಂದೆ. ಅವನು ತಲೆಯಾಡಿಸಿದ, ಅದು ಯಾವುದೋ ಹತ್ತಿರದ ಕೌಂಟಿಯ, ಅಂದರೆ ಜಿಲ್ಲೆಯ, ಹಳ್ಳಿ ಎಂದುಕೊಂಡಿರಬೇಕು. ಆ ದಿನದಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನನ್ನ ಗಂಡ ಇದನ್ನು ಓದುವುದಿಲ್ಲ, ಆದ್ದರಿಂದ ಬರೆದಿದ್ದೇನೆ.

ಪಂದ್ಯಕ್ಕೆ ಹೋಗಲು ಬಸ್ಸಿರಲಿಲ್ಲ. ನನ್ನ ಕಾರು, ಭೂಗೋಳದ ಟೀಚರ್ ಕಾರು, ಒಂದಿಬ್ಬರು ಅಮ್ಮಂದಿರ ಕಾರು. ಒಂದು ಸಲ ಕಿಲ್ಡೇರ್ ಕಡೆ ಪಂದ್ಯ ಮುಗಿಸಿ ಹೊರಟೆವು. ತಲೆ ಎಣಿಸಿದ್ದು ನಾನೇ. ಲೀಕ್ಸ್‌ಲಿಪ್ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಒಬ್ಬಳು, "ಮಿಸ್, ನಿಯಾವ್ ಯಾವ ಕಾರಲ್ಲಿದಾಳೆ?" ಎಂದಳು. ನಿಯಾವ್ ಯಾವ ಕಾರಿನಲ್ಲೂ ಇರಲಿಲ್ಲ. ಬಟ್ಟೆ ಬದಲಾಯಿಸಲು ಹೋಗಿದ್ದವಳನ್ನು ಬಿಟ್ಟು ಬಂದಿದ್ದೆವು. ಅಲ್ಲೇ ಕಾರು ತಿರುಗಿಸಿದೆ. ಅವಳು ಆ ಶಾಲೆಯ ಕ್ಯಾಂಟೀನಿನಲ್ಲಿ ಯಾರೋ ಕೊಟ್ಟ ಟೋಸ್ಟ್ ತಿನ್ನುತ್ತಾ ಕೂತಿದ್ದಳು, ನನ್ನನ್ನು ನೋಡಿ ಕೈ ಬೀಸಿದಳು. ನಾನೇ ಹೋಗಿ ಮಿಸ್ಟರ್ ಕೀನನ್‌ಗೆ ಹೇಳಿದೆ. ಅವರು ಬಯ್ಯಲಿಲ್ಲ. "ಇನ್ನು ಮೇಲೆ ಸ್ವಂತ ಕಾರು ಬೇಡ, ಬಸ್ಸೇ ಆಗಬೇಕು" ಎಂದರು. ನ್ಯಾಯವಾದ ಮಾತು. "ಬಸ್ಸಿಗೆ ಸರ್?" ಎಂದೆ. ಅವರು ಕಿಟಕಿಯ ಕಡೆ ನೋಡಿ, "ಅದಕ್ಕೆಂದು ನಮ್ಮಲ್ಲಿ ಏನೂ ಇಲ್ಲವಲ್ಲ" ಎಂದರು.

ಅಲ್ಲೇ ನಾನು "ಯಾಕಿಲ್ಲ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮಕ್ಕಳ ಕೈಲಿ ಕೇಕ್ ಮಾರಿಸಿದೆ. ನಮ್ಮ ಕನ್ನಡದ ಅಮ್ಮಂದಿರು ಮೈಸೂರು ಪಾಕ್ ಮಾಡಿಕೊಟ್ಟರು, ಐರಿಶ್ ಮಕ್ಕಳು ಅದನ್ನು ಫಡ್ಜ್ ಎಂದುಕೊಂಡು ಎರಡೆರಡು ಸಲ ಕೊಂಡರು. ಕಡಿಮೆ ಬಿದ್ದದ್ದನ್ನು ನನ್ನ ಪರ್ಸಿನಿಂದ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳದೇ ಮಾಡಿದರೆ ಅದು ದೊಡ್ಡ ಗುಣ ಎಂದು ನನ್ನನ್ನು ಬೆಳೆಸಿದ್ದರು. ನಮ್ಮಜ್ಜಿ ಹಾಗೆ, ನಮ್ಮಮ್ಮ ಹಾಗೆ, ತುಮಕೂರಿನಲ್ಲಿ ಮಕ್ಕಳಿಗೆ ತನ್ನ ದುಡ್ಡಿನಲ್ಲಿ ಬಾಳೆಹಣ್ಣು ತರುತ್ತಿದ್ದ ನನ್ನ ಮೊದಲ ಹೆಡ್‌ಮಿಸ್ಟ್ರೆಸ್ ಹಾಗೆ. ನಾನೂ ಹಾಗೇ ಮಾಡಿದೆ, ಇಪ್ಪತ್ತು ವರ್ಷ.

ಇನ್ನು ನಮ್ಮವರ ವಿಷಯ. ಸುತ್ತಮುತ್ತ ಹೊಸ ಮನೆಗಳೆದ್ದ ಹಾಗೆ ಶಾಲೆಗೆ ಕನ್ನಡದ ಮಕ್ಕಳು ಬರತೊಡಗಿದರು. ನನಗೆ ಹಿಗ್ಗು. ಅವರ ಅಪ್ಪ ಅಮ್ಮಂದಿರಿಗೂ ಹಿಗ್ಗು, ಆದರೆ ಬೇರೆ ಕಾರಣಕ್ಕೆ. ಇಲ್ಲಿ ಮಗುವಿಗೆ ಪಿಇ ಬೇಡವೆಂದರೆ ಪೋಷಕರು ಒಂದು ಚೀಟಿ ಬರೆದು ಕೊಡುವ ಪದ್ಧತಿ ಇದೆ. ಚೀಟಿ ನೋಡುವವಳು ನಮ್ಮವಳೇ ಎಂದಾದ ಮೇಲೆ ಇನ್ನೇನು ಬೇಕು. "ಮೇಡಂ, ಈ ವರ್ಷ ಪಾಯಿಂಟ್ಸ್ ವರ್ಷ, ಪಿಇ ಟೈಮಲ್ಲಿ ಲೈಬ್ರರೀಲಿ ಕೂತ್ಕೊಳ್ಳಲಿ, ನೀವೊಂದ್ ಸ್ವಲ್ಪ ನೋಡ್ಕೊಳ್ಳಿ" ಎಂದು ಕನ್ನಡದಲ್ಲಿ ಫೋನ್ ಬರುತ್ತಿತ್ತು. ಪಾಯಿಂಟ್ಸ್ ಎಂದರೆ ಶಾಲೆಯ ಕೊನೆಯ ಪರೀಕ್ಷೆಯ ಅಂಕ, ಕಾಲೇಜಿನ ಸೀಟು ಅದರ ಮೇಲೆ. ಒಬ್ಬರಂತೂ ಡಾಕ್ಟರು. ತಮ್ಮ ಮಗಳಿಗೆ ತಾವೇ ಎರಡು ಪುಟದ ಪತ್ರ ಬರೆದರು. ಎಡ ಮೊಣಕಾಲಿನ ಯಾವುದೋ ತೊಂದರೆ, ಹೆಸರು ಓದಿದರೆ ನನಗೇ ಮಂಡಿ ನೋಯುವಂತಿತ್ತು. ಒಂದು ವರ್ಷ ಓಡಬಾರದು, ಹಾರಬಾರದು. ಆರು ವಾರದ ನಂತರ ಯುಗಾದಿ ಕಾರ್ಯಕ್ರಮದಲ್ಲಿ ಅದೇ ಹುಡುಗಿ ಅರ್ಧ ಗಂಟೆ ಭರತನಾಟ್ಯ ಮಾಡಿದಳು, ಅರೆಮಂಡಿಯಲ್ಲಿ ಕೂತು, ನೆಲ ಅದುರುವ ಹಾಗೆ. ಡಾಕ್ಟರು ಊಟದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು.

"ಮಂಡಿ ಹೇಗಿದೆ ಸರ್ ಈಗ?" ಎಂದೆ.

"ಗ್ರ್ಯಾಂಡ್ ಮೇಡಂ, ಗ್ರ್ಯಾಂಡ್. ಸ್ವಲ್ಪ ಇಂಪ್ರೂವ್ ಆಗಿದೆ" ಎಂದು ಪಲ್ಯ ಬಡಿಸಿಕೊಂಡರು.

ನಕ್ಕುಬಿಟ್ಟೆ. ನಗಬಾರದಿತ್ತು. ವರ್ಷ ವರ್ಷವೂ ಹೊಸ ಪತ್ರ ಬಂತು, ಆ ಹುಡುಗಿ ಐದು ವರ್ಷ ಶಾಲೆಯಲ್ಲಿದ್ದು ಒಂದು ಸಲವೂ ಚೆಂಡು ಮುಟ್ಟದೆ ಹೋದಳು. ಅವಳಂಥವರು ಎಷ್ಟು ಜನ. ಎಲ್ಲರ ಚೀಟಿಗೂ ನಾನೇ ಸಹಿ ಹಾಕಿದೆ, ನಮ್ಮೋರು, ಬೇಜಾರಾಗ್ತಾರೆ ಎಂದು.

ಕೆಲಸದ ರೀತಿಯೂ ಬದಲಾಯಿತು. ಶಾಲೆಯಲ್ಲಿ ಮಕ್ಕಳು ಹೆಚ್ಚಾದರು, ಜಾಗ ಹೆಚ್ಚಾಗಲಿಲ್ಲ. ಹಾಲಿನ ಅರ್ಧಕ್ಕೆ ತಡಿಕೆ ಎಬ್ಬಿಸಿ ಎರಡು ತರಗತಿ ಮಾಡಿದರು, ತಾತ್ಕಾಲಿಕ ಎಂದರು. ಈಗಲೂ ಹಾಗೇ ಇದೆ. ಹೊಸ ಹಾಲಿನ ನಕ್ಷೆ ಆಫೀಸಿನ ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ನಂತರ ದೈಹಿಕ ಶಿಕ್ಷಣ ಪರೀಕ್ಷೆಯ ವಿಷಯವಾಯಿತು. ಒಳ್ಳೆಯದೇ, ಗೌರವ ಬಂತು ಎಂದು ಸಹೋದ್ಯೋಗಿಗಳು ಹೇಳಿದರು. ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತು, ಓಡಿದರೆ ಹೃದಯ ಬಡಿತ ಹೇಗೆ ಏರುತ್ತದೆ ಎಂದು ಪುಟಗಟ್ಟಲೆ ಬರೆಯುತ್ತಿದ್ದರು. ಬರೆದವರಲ್ಲಿ ಅರ್ಧ ಜನ ಬಸ್ ಹಿಡಿಯಲು ಓಡಿದರೆ ಏದುಸಿರು ಬಿಡುವವರು. ನಾನು ಅವರ ಬರಹ ತಿದ್ದಿ ಅಂಕ ಕೊಟ್ಟೆ. ಕೊನೆಯ ವರ್ಷಗಳಲ್ಲಿ ಬೆವರಿನ ವಾಸನೆಗಿಂತ ಪ್ರಿಂಟರಿನ ವಾಸನೆಯಲ್ಲೇ ಹೆಚ್ಚು ಹೊತ್ತು ಕಳೆದೆ.

ಮಿಸ್ಟರ್ ಕೀನನ್ ನಿವೃತ್ತರಾದ ಮೇಲೆ ಡೀರ್ಡ್ರಾ ಎನ್ನುವವಳು ಪ್ರಿನ್ಸಿಪಾಲ್ ಆದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಚುರುಕು, ನೇರ, ಎಲ್ಲವನ್ನೂ ಬರೆದಿಡುವವಳು. ಅವಳ ಬಗ್ಗೆ ನನಗೆ ಕೆಟ್ಟ ಮಾತಿಲ್ಲ. ಅವಳು ಬಂದ ಎರಡನೇ ವರ್ಷ ಸ್ಟಾಫ್‌ರೂಮಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದಳು. ಶಾಲೆಗೆ ಯಾವ ಯಾವ ಜವಾಬ್ದಾರಿಗಳು ಬೇಕು, ಬರೆಯಿರಿ. ಹಾಳೆಯಲ್ಲಿ ಬಂದದ್ದಕ್ಕೆ ಹುದ್ದೆ ಸಿಗುತ್ತದೆ, ವಾರಕ್ಕೆ ಇಂತಿಷ್ಟು ಗಂಟೆ ಬಿಡುವು ಸಿಗುತ್ತದೆ, ಆ ಹುದ್ದೆ ಮುಂದೆಯೂ ಉಳಿಯುತ್ತದೆ. ಪರೀಕ್ಷೆ, ಕಂಪ್ಯೂಟರ್, ಮಕ್ಕಳ ಯೋಗಕ್ಷೇಮ ಎಂದು ಒಬ್ಬೊಬ್ಬರು ಬರೆದರು. ಡೀರ್ಡ್ರಾ ಪೆನ್ ಹಿಡಿದು ನನ್ನ ಹತ್ತಿರ ಬಂದಳು.

"ಸುಮಿತ್ರಾ, ಆಟೋಟ ಎಂದು ಬರೆಯಲೇ?"

ಅವಳು ಕೇಳಿದಳು. ಅವಳಾಗಿಯೇ ಬಂದು ಕೇಳಿದಳು, ಇದನ್ನು ನಾನು ಮರೆಮಾಚುವುದಿಲ್ಲ. "ಬೇಡ ಬಿಡಿ, ಅದು ಹೇಗೂ ನಡೆಯುತ್ತಿದೆಯಲ್ಲ" ಎಂದೆ ನಾನು.

ಯಾಕೆ ಹಾಗೆಂದೆ? ಮಕ್ಕಳನ್ನು ಆಡಿಸಲು ಹುದ್ದೆ ಕೇಳುವುದು ಅಸಹ್ಯ ಎನ್ನಿಸಿತು. ಹುದ್ದೆಗಳು ಇದ್ದದ್ದು ಕೆಲವೇ, ಕಂಪ್ಯೂಟರಿನ ಹುದ್ದೆಗೆ ಕಾದಿದ್ದವಳಿಗೆ ಎರಡು ಚಿಕ್ಕ ಮಕ್ಕಳಿದ್ದವು, ಅವಳಿಗೆ ತಪ್ಪುವುದು ಬೇಡ ಎನ್ನಿಸಿತು. ಇವೆಲ್ಲ ನಿಜ. ಇನ್ನೊಂದೂ ನಿಜ. ಆ ತಂಡ ನನ್ನೊಬ್ಬಳಿಂದ ನಡೆಯುತ್ತಿದೆ ಎಂಬುದು ನನಗೆ ಇಷ್ಟವಾಗಿತ್ತು. ಹೊರದೇಶದಿಂದ ಬಂದವಳು, ಸೀರೆ ಉಟ್ಟು ಬೆಳೆದವಳು, ಇವರ ಆಟವನ್ನು ಇವರ ಮಕ್ಕಳಿಗೆ ಪುಕ್ಕಟೆ ಆಡಿಸುತ್ತಿದ್ದಾಳೆ ಎಂದು ನಾಲ್ಕು ಜನ ಹೇಳುವುದು ನನಗೆ ಬೇಕಿತ್ತು. ಡೀರ್ಡ್ರಾ ಪೆನ್ ಮುಚ್ಚಿದಳು. ಹಾಳೆ ಹಾಗೇ ಆಡಳಿತ ಮಂಡಳಿಗೆ ಹೋಯಿತು.

ಧೃತಿ ಶಾಲೆಗೆ ಬಂದದ್ದು ಅದಾದ ಎರಡು ವರ್ಷಕ್ಕೆ. ಅವಳಪ್ಪ ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ಅಮ್ಮ ಸಿಟಿವೆಸ್ಟ್‌ನ ಒಂದು ಆಫೀಸಿನಲ್ಲಿ. ಇಲ್ಲೇ ಹುಟ್ಟಿದ ಹುಡುಗಿ. ಬಾಯಿಬಿಟ್ಟರೆ ಇಲ್ಲಿಯವರದೇ ಉಚ್ಚಾರ, ಆದರೆ ಬಾಯಿ ಬಿಟ್ಟರಲ್ಲವೇ. ಮೊದಲ ಅಕ್ಟೋಬರಿನಲ್ಲಿ ಊಟದ ಬಿಡುವಿಗೆ ಬಟ್ಟೆ ಬದಲಾಯಿಸುವ ಕೋಣೆಗೆ ಹೋದರೆ, ಒಳಗಿನ ಟಾಯ್ಲೆಟ್ಟಿನ ಬಾಗಿಲ ಕೆಳಗೆ ಎರಡು ಕಾಲು ಕಂಡವು, ಚಿತ್ರಾನ್ನದ ವಾಸನೆ ಬಂತು. ಅಲ್ಲಿ ಕೂತು ಊಟ ಮಾಡುತ್ತಿದ್ದಳು. ಯಾವತ್ತಿನಿಂದ ಎಂದು ಕೇಳಿದೆ. "ಸಿನ್ಸ್ ದ ಸ್ಟಾರ್ಟ್, ಮಿಸ್" ಎಂದಳು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಯಾರೂ ಪಕ್ಕದಲ್ಲಿ ಕೂರಲು ಕರೆದಿರಲಿಲ್ಲ, ಅಷ್ಟೇ.

ಅವತ್ತೇ ಅವಳನ್ನು ಮೈದಾನಕ್ಕೆ ಎಳೆದುಕೊಂಡು ಹೋಗಿ ಗೋಲಿನಲ್ಲಿ ನಿಲ್ಲಿಸಿದೆ. ಓಟ ಸಾಧಾರಣ, ಆದರೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಒದೆಯುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು. ಗೋಲ್‌ಕೀಪರ್ ಕೂಗಬೇಕು, ಮುಂದಿರುವವರಿಗೆ ಬೆನ್ನ ಹಿಂದೆ ಕಾಣುವುದಿಲ್ಲ ಎಂದು ಹೇಳಿಕೊಟ್ಟೆ. ಮೂರು ವಾರ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಒಂದು ಪಂದ್ಯದಲ್ಲಿ "ಲೆಫ್ಟ್, ಸಾರಾ, ಲೆಫ್ಟ್" ಎಂದು ಕಿರುಚಿದಳು. ಸಾರಾ ಎಡಕ್ಕೆ ಹೋದಳು, ಗೋಲು ಉಳಿಯಿತು. ಮರುದಿನ ಊಟದ ಹೊತ್ತಿಗೆ ಧೃತಿ ಸಾರಾಳ ಪಕ್ಕದಲ್ಲಿದ್ದಳು, ಡಬ್ಬಿಯಿಂದ ಸಾರಾ ಚಕ್ಕುಲಿ ತಿನ್ನುತ್ತಿದ್ದಳು. ಧೃತಿಯ ಅಮ್ಮ ಒಂದು ಪಂದ್ಯ ನೋಡಲು ಬಂದವರು ನನ್ನ ಕೈ ಹಿಡಿದು, "ಮನೇಲಿ ಮಾತೇ ಆಡಲ್ಲ ಮೇಡಂ. ಇಲ್ಲಿ ನೋಡಿದ್ರೆ ಎಲ್ಲರಿಗೂ ಆರ್ಡರ್ ಮಾಡ್ತಾಳೆ. ಇವಳು ನಮ್ಮ ಮಗಳೇನಾ ಅನ್ಸುತ್ತೆ" ಎಂದು ಅತ್ತರು. ಮೂರನೇ ವರ್ಷಕ್ಕೆ ಅವಳು ಕ್ಯಾಪ್ಟನ್.

ಆ ವರ್ಷದ ಕೊನೆಗೆ ನಾನು ನಿವೃತ್ತಳಾದೆ. ಕೇಕ್ ಕತ್ತರಿಸಿದರು, ಒಂದು ಗಡಿಯಾರ ಕೊಟ್ಟರು. ಎಲ್ಲರೂ ಚೆನ್ನಾಗಿ ಮಾತನಾಡಿದರು, ನಾನೂ ಅತ್ತೆ. ತಂಡವನ್ನು ಯಾರಿಗೆ ಒಪ್ಪಿಸಿ ಹೋಗುತ್ತೀಯ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಯಾರಾದರೂ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ನಾನು ತೆಗೆದುಕೊಂಡಿರಲಿಲ್ಲವೇ.

ನನ್ನ ಜಾಗಕ್ಕೆ ಕಾನರ್ ಎಂಬ ಹುಡುಗ ಬಂದ. ಒಳ್ಳೆಯವನು. ಆದರೆ ಅವನಿಗೆ ಪೂರ್ತಿ ಕೆಲಸ ಕೊಟ್ಟಿಲ್ಲ, ವಾರಕ್ಕೆ ಇಷ್ಟು ಗಂಟೆ ಎಂದು ಕಾಂಟ್ರಾಕ್ಟ್. ಇನ್ನರ್ಧ ಬೇರೊಂದು ಶಾಲೆಯಲ್ಲಿ. ಇಲ್ಲಿಯ ಬಾಡಿಗೆ ಕಟ್ಟಲಾಗದೆ ಎರಡು ಕೌಂಟಿ ಆಚೆ ಅಪ್ಪನ ಮನೆಯಲ್ಲಿದ್ದಾನೆ. ಶಾಲೆ ಬಿಟ್ಟ ಕೂಡಲೇ ಹೊರಟರೂ ಮನೆ ಮುಟ್ಟುವುದು ಏಳಕ್ಕೆ. ಅವನಿಗೆ ತಂಡ ತಗೋ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಮರಗೆಲಸದವನು ಬೆನ್ನು ನೋವೆಂದು ಹುಡುಗರ ತಂಡವನ್ನು ಹಿಂದಿನ ವರ್ಷವೇ ಬಿಟ್ಟಿದ್ದ. ಭೂಗೋಳದವಳು ಗಾಲ್ವೇಗೆ ಹೋಗಿದ್ದಳು.

ಅಕ್ಟೋಬರಿನ ಒಂದು ಭಾನುವಾರ ಧೃತಿಯಿಂದ ಇಮೇಲ್ ಬಂತು. ಹಿಂದಿನ ವರ್ಷ ಆಡಿದ ತಂಡಗಳನ್ನು ಸ್ಪರ್ಧೆಯವರು ತಾವಾಗಿಯೇ ಪಟ್ಟಿಗೆ ಸೇರಿಸುತ್ತಾರೆ. ಬುಧವಾರ ಹನ್ನೆರಡಕ್ಕೆ ನಮ್ಮ ಪಂದ್ಯ ಎಂದು ಇಂಟರ್‌ನೆಟ್ಟಿನಲ್ಲಿ ಅವಳು ನೋಡಿದ್ದಾಳೆ. ಶಾಲೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಇವಳೇ ಓಡಾಡಿ ತಾನೂ ಸೇರಿ ಹದಿನೇಳು ಹುಡುಗಿಯರ ತಂಡ ಕಟ್ಟಿದ್ದಾಳೆ, ಪಾರ್ಕಿನಲ್ಲಿ ಎರಡು ಸಂಜೆ ಅಭ್ಯಾಸ ಮಾಡಿಸಿದ್ದಾಳೆ, ಸಾರಾಳ ಚಿಕ್ಕಪ್ಪನ ಮಿನಿಬಸ್ ಮಾತಾಡಿದ್ದಾಳೆ. ಮಿಕ್ಕಿರುವುದು ಒಂದೇ. ತಂಡದ ಜೊತೆ ಹೋಗಲು ಒಬ್ಬ ಟೀಚರ್ ಬೇಕು. ನೀವು ಬರುತ್ತೀರಾ ಮಿಸ್?

ಮಂಗಳವಾರ ಬೆಳಿಗ್ಗೆ ಡೀರ್ಡ್ರಾ ಎದುರು ಕೂತೆ. ನಾನೇ ಹೋಗುತ್ತೇನೆ ಎಂದೆ. ಅವಳು ಆಗುವುದಿಲ್ಲ ಎಂದು ತಲೆಯಾಡಿಸಿದಳು. ನೀವು ಈಗ ಸಿಬ್ಬಂದಿಯಲ್ಲ, ಒಂದು ಮಗುವಿಗೆ ಪೆಟ್ಟಾದರೆ ವಿಮೆ ಇಲ್ಲ, ಹೊರಗಿನವರು ಬರಬೇಕಾದರೆ ಪೊಲೀಸ್ ಪರಿಶೀಲನೆ, ಆಡಳಿತ ಮಂಡಳಿಯ ಒಪ್ಪಿಗೆ, ವಾರಗಟ್ಟಲೆ ಕೆಲಸ. ಆಗಲೂ ಜೊತೆಯಲ್ಲಿ ಒಬ್ಬ ಟೀಚರ್ ಇರಲೇಬೇಕು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಒಬ್ಬಳನ್ನು ಕಿಲ್ಡೇರಿನಲ್ಲಿ ಬಿಟ್ಟುಬಂದ ನನಗೆ ಅದು ಗೊತ್ತಿಲ್ಲವೇ. ಸ್ಟಾಫ್‌ರೂಮಿಗೆ ಮೆಸೇಜ್ ಹಾಕುತ್ತೇನೆ, ಯಾರಾದರೂ ಬಂದರೆ ಕಳಿಸುತ್ತೇನೆ ಎಂದಳು.

ಬುಧವಾರ ಹತ್ತೂವರೆಗೆ ಹೋದೆ. ಹುಡುಗಿಯರು ಗೇಟಿನ ಹತ್ತಿರ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಿನಿಬಸ್ ಬಂದಿತ್ತು. ಡೀರ್ಡ್ರಾ ನನ್ನನ್ನು ಒಳಗೆ ಕರೆದಳು.

"ಯಾರೂ ಸಿಗಲಿಲ್ಲ. ಇಬ್ಬರಿಗೆ ಹೋಗುವ ಮನಸ್ಸಿತ್ತು. ಅವರು ಹೋದರೆ ಅವರ ತರಗತಿ ನೋಡಿಕೊಳ್ಳಲು ಜನರಿಲ್ಲ. ಈಗಲೇ ಮೂರು ಟೀಚರ್ ಕಡಿಮೆ ಇದ್ದೇವೆ."

"ಇಷ್ಟು ವರ್ಷ ನಡೆಯಿತಲ್ಲ" ಎಂದೆ.

ಅವಳು, "ನೀವು ನಡೆಸಿದಿರಿ. ನಿನ್ನೆ ನಾನು ಕಡತಗಳನ್ನು ಹುಡುಕಿದೆ, ಏನಾದರೂ ಇದ್ದರೆ ಮಂಡಳಿಯ ಮುಂದೆ ಇಡೋಣ ಎಂದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅರ್ಜಿ ಇಲ್ಲ, ಒಂದು ಖರ್ಚು ಇಲ್ಲ, ಗಂಟೆಗಳ ಒಂದು ಚೀಟಿ ಇಲ್ಲ. ನಾನು ಅವರಿಗೆ ಏನೆಂದು ಹೇಳಲಿ? ನಮ್ಮಲ್ಲಿ ತಂಡ ಇತ್ತು ಎಂದು ಹೇಗೆ ತೋರಿಸಲಿ?" ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಹಾಸನದ ಹುಡುಗಿ, ನಿನಗೆ ಹೇಳಬೇಕಾದದ್ದು ಇದೇ. ಶಾಲೆ ಆಟಕ್ಕೆ ದುಡ್ಡು ಕೊಡಬೇಕೇ ಬೇಡವೇ ಎಂದು ಜನ ಚರ್ಚೆ ಮಾಡುತ್ತಾರೆ. ನಮ್ಮ ಶಾಲೆಯಲ್ಲಿ ಆ ಚರ್ಚೆ ಒಂದು ದಿನವೂ ನಡೆಯಲಿಲ್ಲ, ನಡೆಯದ ಹಾಗೆ ನಾನು ನೋಡಿಕೊಂಡೆ. ನೀನು ಮಾಡಿದ್ದನ್ನೆಲ್ಲ ಬರೆದಿಡು, ಬೇಕಾದ್ದನ್ನು ಕೇಳು. ಆದರೆ ಕೇಳಿದರೆ ಸಿಗುತ್ತದೆ ಎಂದು ಆಸೆ ಹುಟ್ಟಿಸಲು ನನಗೆ ಧೈರ್ಯವಿಲ್ಲ. ಪಕ್ಕದ ಶಾಲೆಯ ನನ್ನ ಗೆಳತಿ ಪ್ರತಿ ವರ್ಷ ಬರೆದು ಕೇಳಿದಳು. ಮುಂದಿನ ವರ್ಷ ನೋಡೋಣ ಎಂಬ ಉತ್ತರಗಳನ್ನು ಅವಳು ಒಂದು ಫೈಲಿನಲ್ಲಿ ಇಟ್ಟಿದ್ದಾಳೆ. ಅವಳ ತಂಡವೂ ಈಗಿಲ್ಲ.

ಹೊರಗೆ ಬಂದೆ. ನನ್ನ ಮುಖ ನೋಡಿಯೇ ಹುಡುಗಿಯರಿಗೆ ಗೊತ್ತಾಯಿತು. ಒಬ್ಬಳು ಮೆಲ್ಲಗೆ ಬೈದಳು, ನಾನು ಕೇಳಿಸದವಳಂತೆ ಇದ್ದೆ. ಹೋಗದಿದ್ದರೆ ಎದುರಾಳಿಗೆ ಮುಂಚೆಯೇ ತಿಳಿಸಬೇಕು, ಇಲ್ಲದಿದ್ದರೆ ಅವರ ಮಕ್ಕಳು ಚಳಿಯಲ್ಲಿ ಕಾಯುತ್ತಾರೆ. ಶಾಲೆಯಲ್ಲಿ ಆ ನಂಬರ್ ಯಾರ ಹತ್ತಿರವೂ ಇರಲಿಲ್ಲ, ನನ್ನ ಫೋನಿನಲ್ಲಿತ್ತು. ಅಲ್ಲೇ ನಿಂತು ಮಾಡಿದೆ. ಆ ಕಡೆಯ ಟೀಚರ್, ಪಾಪ, "ಛೆ, ನಿಮ್ಮ ಗೋಲ್‌ಕೀಪರನ್ನು ನೋಡಲು ನಮ್ಮ ಹುಡುಗಿಯರು ಕಾಯುತ್ತಿದ್ದರು. ಮುಂದಿನ ಸುತ್ತಿಗಾದರೂ ಬರುತ್ತೀರಾ?" ಎಂದಳು. ಮುಂದಿನ ಸುತ್ತು ಇಲ್ಲ, ಆಡದವರು ಹೊರಗೆ ಎಂದು ಅವಳಿಗೂ ಗೊತ್ತು. "ಇಲ್ಲ" ಎಂದೆ. ಧೃತಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

ಫೋನ್ ಇಟ್ಟು ಅವಳ ಕಡೆ ತಿರುಗಿದೆ. "ತಪ್ಪು ನಂದೇ ಪುಟ್ಟಾ" ಎಂದೆ. ಅವಳು ಅರ್ಥವಾಗದವಳಂತೆ ನೋಡಿದಳು. ಆಮೇಲೆ ನನ್ನ ತೋಳು ಮುಟ್ಟಿ, "ಡೋಂಟ್ ವರಿ, ಮಿಸ್. ವಿ ವರೆಂಟ್ ಗೋಯಿಂಗ್ ಟು ವಿನ್ ಎನಿವೇ" ಎಂದಳು.

ಅವರು ಗೆಲ್ಲುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹದಿನೈದು ವರ್ಷದವಳು, ನನ್ನ ಮುಖ ನೋಡಲಾರದೆ ಹಾಗೆಂದಳು. ಚಿಕ್ಕಪ್ಪನಿಗೆ ಥ್ಯಾಂಕ್ಸ್ ಹೇಳಿ ಮಿನಿಬಸ್ ವಾಪಸ್ ಕಳಿಸಿದಳು. ಮಿಕ್ಕ ಹದಿನಾರು ಜನಕ್ಕೂ ಒಳಗೆ ಹೋಗಿ ಎಂದಳು, ಕೂಗಲಿಲ್ಲ, ಸಣ್ಣ ದನಿಯಲ್ಲಿ ಹೇಳಿದಳು. ಆಮೇಲೆ ತಾನೂ ಬ್ಯಾಗ್ ತೆಗೆದುಕೊಂಡು ಗಣಿತದ ತರಗತಿಗೆ ಹೋದಳು.